ಅಮ್ಮನೊಂದಿಗೆ ಮೋಟಾರ್‌ಹೋಮಿನಲ್ಲಿ ಐದು ದಿನ

ಮೊದಲ ದಿನ: ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆಗೆ

ಅಮ್ಮನಿಗೆ ಈಗ 83 ವರ್ಷ. ಕಳೆದ ನಾಲ್ಕು ವರ್ಷಗಳಿಂದ ಅವರು ಶಿವಮೊಗ್ಗ ಬಿಟ್ಟು ಹೊರಗೆ ಒಂದು ರಾತ್ರಿಯನ್ನೂ ಕಳೆದಿರಲಿಲ್ಲ. ಕೇಳಿದವರಿಗೆಲ್ಲ ಮಂಡಿನೋವು ಎನ್ನುತ್ತಿದ್ದರು. ದಾರಿಯಲ್ಲಿ ಶೌಚಕ್ಕೆ ಎಲ್ಲಿಗೆ ಹೋಗುವುದು ಎಂಬ ಭಯವೇ ನಿಜವಾದ ಕಾರಣ ಎಂಬುದು ಮನೆಯವರಿಗೆ ಮಾತ್ರ ಗೊತ್ತಿತ್ತು. ಬೆಂಗಳೂರಿನ ಹೊರವಲಯದಲ್ಲಿ ವ್ಯಾನುಗಳನ್ನು ಮೋಟಾರ್‌ಹೋಮ್‌ಗಳಾಗಿ ಕಟ್ಟಿಕೊಡುವ ಕಾರ್ಖಾನೆಯೊಂದರಲ್ಲಿ ವಿದ್ಯುತ್ ವಿಭಾಗ ನೋಡಿಕೊಳ್ಳುವ ನನ್ನ ಅಣ್ಣನ ಮಗ ದೀಪಾವಳಿಗೆ ಊರಿಗೆ ಬಂದಾಗ ಈ ಮಾತು ಅವನ ಕಿವಿಗೆ ಬಿತ್ತು.

"ಚಿಕ್ಕಪ್ಪ, ನಮ್ಮಲ್ಲಿ ಹೊಸ ಮಾದರಿಯ ಗಾಡಿಯೊಂದು ತಯಾರಾಗಿದೆ. ಗಿರಾಕಿಗಳಿಗೆ ಕೊಡುವ ಮುಂಚೆ ಮಳೆ, ನೆರಳು, ಏರುದಾರಿ ಮೂರೂ ಇರುವ ಕಡೆ ಓಡಿಸಿ ನೋಡಬೇಕು. ಅದಕ್ಕೆ ಮಲೆನಾಡೇ ಸರಿ. ಅಜ್ಜಿಯನ್ನೂ ಕರೆದುಕೊಂಡು ಹೋಗೋಣ" ಎಂದ. ಪಾಲಿಟೆಕ್ನಿಕ್‌ನಲ್ಲಿ 31 ವರ್ಷ ವಿದ್ಯುತ್ ಪಾಠ ಮಾಡಿದ ನನಗೆ, ಕಾಗದದ ಮೇಲೆ ಓದಿದ್ದನ್ನೆಲ್ಲ ಕೈಯಿಂದ ಮುಟ್ಟಿ ನೋಡುವ ಅವಕಾಶ ಅದಾಗಿತ್ತು. ನವೆಂಬರ್ ತಿಂಗಳ ಎರಡನೆಯ ವಾರ ಅಮ್ಮ, ನನ್ನ ಹೆಂಡತಿ, ಅಣ್ಣನ ಮಗ ಮತ್ತು ನಾನು, ನಾಲ್ವರೂ ಹೊರಟೆವು.

ಗಾಡಿ ಏಳು ಮೀಟರಿಗೆ ಸ್ವಲ್ಪ ಕಡಿಮೆ ಉದ್ದವಿತ್ತು. ಛಾವಣಿಯ ಮೇಲಿನ ಎ.ಸಿ. ಪೆಟ್ಟಿಗೆ, ಸೌರಫಲಕಗಳನ್ನು ಸೇರಿಸಿದರೆ ಎತ್ತರ ಮೂರು ಮೀಟರ್ ದಾಟುತ್ತಿತ್ತು. ಒಳಗೆ ಎರಡು ಹಾಸಿಗೆ, ಸೀಟ್‌ಬೆಲ್ಟ್ ಇರುವ ನಾಲ್ಕು ಆಸನ, ಇಂಡಕ್ಷನ್ ಒಲೆ, ಪುಟ್ಟ ಫ್ರಿಜ್, ಒಬ್ಬರು ನಿಂತು ಸ್ನಾನ ಮಾಡುವಷ್ಟು ಬಚ್ಚಲು ಮತ್ತು ಅದರಲ್ಲೇ ಶೌಚಾಲಯ. ಮೋಟಾರ್‌ಹೋಮ್ ಎಂದರೆ ಹಾಸಿಗೆ ಹಾಕಿದ ಬಸ್ಸು ಎಂದು ತಿಳಿದವರು ನಮ್ಮಲ್ಲಿ ಹೆಚ್ಚು. ಆದರೆ ಹಾಸಿಗೆ, ಪರದೆ, ಬಣ್ಣದ ದೀಪಗಳನ್ನು ಯಾವ ಬಡಗಿಯೂ ಕೂಡಿಸಿಕೊಟ್ಟಾನು. ಕರೆಂಟು ಎಲ್ಲಿಂದ ಬರುತ್ತದೆ, ನೀರು ಎಷ್ಟು ಹಿಡಿಯುತ್ತದೆ, ಬಳಸಿದ ನೀರು ಮತ್ತು ಮಲ ಎಲ್ಲಿಗೆ ಹೋಗುತ್ತವೆ ಎಂಬ ಮೂರು ಪ್ರಶ್ನೆಗಳಿಗೆ ಗಾಡಿ ಕೊಡುವ ಉತ್ತರದಲ್ಲಿಯೇ ಅದರ ಯೋಗ್ಯತೆ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ. ಐದು ದಿನವೂ ನಾನು ನೋಡಿದ್ದು ಅದನ್ನೇ.

ಹತ್ತುವಾಗಲೇ ಒಂದು ತೊಡಕಾಯಿತು. ಬಾಗಿಲಿನ ಮೆಟ್ಟಿಲು ನೆಲದಿಂದ ಬಹಳ ಎತ್ತರದಲ್ಲಿತ್ತು. ಅಮ್ಮ ಎರಡು ಸಲ ಕಾಲೆತ್ತಿ ನೋಡಿ, ಮೂರನೆಯ ಸಲ ನನ್ನ ಭುಜ ಹಿಡಿದು ಹತ್ತಿದರು.

ಗಾಜನೂರು, ಸಕ್ರೆಬೈಲು ದಾಟಿ ತುಂಗೆಯನ್ನು ಬಲಕ್ಕೋ ಎಡಕ್ಕೋ ಇಟ್ಟುಕೊಂಡು ಸಾಗುವ ಆ ದಾರಿ ನಮಗೆಲ್ಲ ಬಾಯಿಪಾಠ. ಮಂಡಗದ್ದೆಯ ಬಳಿ ಗಾಡಿ ನಿಲ್ಲಿಸಿದಾಗ ಅಮ್ಮ ಯಾರಿಗೂ ಹೇಳದೆ ಎದ್ದು, ಬಚ್ಚಲಿನ ಹಿಡಿಕೆ ಹಿಡಿದು ಒಳಗೆ ಹೋಗಿ ಬಂದರು. ಹೊರಬಂದ ಮೇಲೆ ಆ ವಿಷಯ ಎತ್ತಲಿಲ್ಲ. ಕಿಟಕಿಯ ಪಕ್ಕ ಕುಳಿತು, "ಮುಂದೆ ಯಾವ ಊರು? ಚಹಾ ಕುಡಿಯೋಣವಾ?" ಎಂದು ಕೇಳಿದರು. ಪ್ರಯಾಣದಲ್ಲಿ ನೀರು, ಚಹಾ ಎಲ್ಲವನ್ನೂ ಬಿಟ್ಟು ಬಾಯಿ ಒಣಗಿಸಿಕೊಂಡು ಕೂರುತ್ತಿದ್ದವರ ಬಾಯಲ್ಲಿ ಆ ಮಾತು ಕೇಳಿ ನನ್ನ ಹೆಂಡತಿಯ ಕಣ್ಣು ತುಂಬಿತು.

ಆ ರಾತ್ರಿ ತಂಗಿದ್ದು ತೀರ್ಥಹಳ್ಳಿಯ ಸಮೀಪ ನೆಂಟರ ತೋಟದ ಮನೆಯಲ್ಲಿ. ದಣಪೆಯನ್ನು ದಾಟುವಾಗ ಕನ್ನಡಿಗಳನ್ನು ಮಡಚಬೇಕಾಯಿತು. ಅಂಗಳದಲ್ಲಿ ಅಡಿಕೆ ಒಣಗಿಸಲು ಚಪ್ಪರ ಹಾಕಿದ್ದರಿಂದ ಗಾಡಿಯನ್ನು ಕೊಟ್ಟಿಗೆಯ ಪಕ್ಕದ ಇಳಿಜಾರಿನಲ್ಲಿ ನಿಲ್ಲಿಸಿದೆವು. ಹಿಂದಿನ ಕಾಲದ ಮೋಟಾರ್‌ಹೋಮ್‌ಗಳಲ್ಲಿ ಅನಿಲದ ಉರಿಯಿಂದ ತಣ್ಣಗಾಗುವ ಫ್ರಿಜ್ ಇರುತ್ತಿತ್ತು. ಅದರೊಳಗಿನ ದ್ರವ ತನ್ನ ಭಾರದಿಂದಲೇ ಹರಿಯಬೇಕಾದ್ದರಿಂದ ಗಾಡಿ ಸ್ವಲ್ಪ ಓರೆಯಾದರೂ ಅದು ಕೆಲಸ ನಿಲ್ಲಿಸುತ್ತಿತ್ತು. ಈಗ ಬಂದಿರುವ 12 ವೋಲ್ಟಿನ ಕಂಪ್ರೆಸರ್ ಫ್ರಿಜ್‌ಗೆ ಆ ತೊಂದರೆಯಿಲ್ಲ. ಸಮತಟ್ಟಾದ ಜಾಗ ಹುಡುಕಿದರೂ ಸಿಗದ ನಮ್ಮ ಸೀಮೆಗೆ ಇದು ಸಣ್ಣ ಬದಲಾವಣೆಯೇನಲ್ಲ.

ಬ್ಯಾಟರಿಯ ಪರೀಕ್ಷೆಯೂ ಅದೇ ರಾತ್ರಿ ನಡೆಯಿತು. ಗಾಡಿಯಲ್ಲಿದ್ದುದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 12.8 ವೋಲ್ಟ್, 400 ಆಂಪಿಯರ್-ಅವರ್, ಅಂದರೆ ಸುಮಾರು ಐದು ಯೂನಿಟ್ ವಿದ್ಯುತ್ತಿನ ಸಂಗ್ರಹ. ನಮ್ಮ ಮನೆಗಳ ಇನ್ವರ್ಟರ್ ಪಕ್ಕದಲ್ಲಿ ಕೂರುವ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಾ ಹೋದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ. ಇದನ್ನು ನೂರರಲ್ಲಿ ಎಂಬತ್ತು, ತೊಂಬತ್ತು ಪಾಲಿನವರೆಗೆ ಬಳಸಬಹುದು, ಸಾವಿರಾರು ಸಲ ಮತ್ತೆ ತುಂಬಿಸಬಹುದು. ಅಷ್ಟೇ ವಿದ್ಯುತ್ ಕೊಡಲು ಆಸಿಡ್ ಬ್ಯಾಟರಿಗಳನ್ನೇ ಇಟ್ಟಿದ್ದರೆ ತೂಕ ಇನ್ನೂರು ಕಿಲೋ ಮೀರುತ್ತಿತ್ತು. ಇದು ಐವತ್ತು ಕಿಲೋದ ಆಸುಪಾಸಿನಲ್ಲಿದೆ. ಲಿಥಿಯಂ ಎಂದೊಡನೆ ಬೆಂಕಿಯ ಸುದ್ದಿ ನೆನಪಾಗುವವರಿಗೆ ಒಂದು ಮಾತು ಹೇಳಬೇಕು. ಮೊಬೈಲ್ ಫೋನುಗಳಲ್ಲಿ ಸಾಮಾನ್ಯವಾಗಿರುವ ಕೋಬಾಲ್ಟ್ ಬಗೆಯ ಲಿಥಿಯಂ ಕೋಶಗಳಿಗಿಂತ ಈ ಫಾಸ್ಫೇಟ್ ಬಗೆ ಶಾಖವನ್ನು ಹೆಚ್ಚು ತಡೆದುಕೊಳ್ಳುತ್ತದೆ. ಮಲಗುವ ಕೋಣೆಯ ಕೆಳಗೇ ಇಡುವ ಗಾಡಿಗಳಿಗೆ ತಯಾರಕರು ಇದನ್ನು ಆರಿಸಿಕೊಳ್ಳಲು ಅದೂ ಒಂದು ಕಾರಣ.

ಈ ಬ್ಯಾಟರಿಯ ಒಂದು ಗುಣ ಪಾಠ ಹೇಳಿದ ನನಗೂ ಕೈಯಲ್ಲಿ ಮೀಟರ್ ಹಿಡಿದಾಗಲೇ ಸರಿಯಾಗಿ ಮನವರಿಕೆಯಾಯಿತು. ಮುಕ್ಕಾಲು ತುಂಬಿದ್ದಾಗಲೂ ಮೂರನೆಯ ಒಂದು ಪಾಲಿಗೆ ಇಳಿದಾಗಲೂ ಅದರ ವೋಲ್ಟೇಜ್ 13ರ ಆಸುಪಾಸಿನಲ್ಲೇ ನಿಂತಿರುತ್ತದೆ. ವೋಲ್ಟ್ ನೋಡಿ ಅಂದಾಜು ಮಾಡುವ ನಮ್ಮ ಹಳೆಯ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಒಳಗೆ ಹೋದ, ಹೊರಗೆ ಬಂದ ಪ್ರತಿ ಆಂಪಿಯರನ್ನೂ ಲೆಕ್ಕವಿಡುವ ಷಂಟ್ ಒಂದನ್ನು ಋಣ ತಂತಿಯಲ್ಲಿ ಕೂರಿಸಿ, ಅದರ ಲೆಕ್ಕವನ್ನು ಮೊಬೈಲಿನಲ್ಲಿ ನೋಡಬೇಕು. ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಎತ್ತಿ ತೂಕ ನೋಡುವುದಕ್ಕೂ ಜಮಾಖರ್ಚು ಬರೆದಿಡುವುದಕ್ಕೂ ಇರುವಷ್ಟೇ ವ್ಯತ್ಯಾಸ.

ರಾತ್ರಿಯೆಲ್ಲ ಎ.ಸಿ. ನಡೆಯುತ್ತದೆ ಎಂದು ಕಾರ್ಖಾನೆಯವರು ಗಿರಾಕಿಗಳಿಗೆ ಹೇಳಬೇಕೆಂದಿದ್ದರು. ಅದನ್ನು ಪರೀಕ್ಷಿಸಲು ರಾತ್ರಿ ಒಂಬತ್ತಕ್ಕೆ ಹಾಕಿದ ಎ.ಸಿ.ಯನ್ನು ನಡುರಾತ್ರಿ ದಾಟಿ ಒಂದರವರೆಗೆ ಬಿಟ್ಟೆವು. ನೂರಕ್ಕೆ 96 ತುಂಬಿದ್ದ ಬ್ಯಾಟರಿ ಬೆಳಗಿನ ಐದಕ್ಕೆ 19ಕ್ಕೆ ಬಂದಿತ್ತು. ನಡುರಾತ್ರಿಯಲ್ಲಿ ಅಮ್ಮ ಶಾಲು ಹೊದ್ದು ಎದ್ದು ಕುಳಿತು, "ಇಷ್ಟು ಚಳಿ ಮಾಡಿಕೊಂಡು ಯಾಕೋ ಮಲಗಬೇಕು? ಕಿಟಕಿ ತೆಗೆದರೆ ಸಾಲದಾ ಮಾರಾಯ?" ಎಂದು ಮೊಮ್ಮಗನನ್ನು ಕೇಳಿದ್ದರು. ಅವನು ಆಗಲೇ ಎ.ಸಿ. ಆರಿಸಿ ತನ್ನ ಪುಸ್ತಕದಲ್ಲಿ ಬರೆದುಕೊಂಡ: ಐದು ಯೂನಿಟ್ ಬ್ಯಾಟರಿಯಲ್ಲಿ ನಾಲ್ಕು ಗಂಟೆ ಮಾತ್ರ, ರಾತ್ರಿಯೆಲ್ಲ ಎಂದು ಹೇಳಬಾರದು.

ಎರಡನೆಯ ದಿನ: ಕುಪ್ಪಳಿ, ಆಗುಂಬೆ

ಬೆಳಿಗ್ಗೆ ಇಂಡಕ್ಷನ್ ಒಲೆಯ ಮೇಲೆ ಕಾಫಿ ಮಾಡಿದ್ದಕ್ಕೆ ಬ್ಯಾಟರಿಯಲ್ಲಿ ನೂರಕ್ಕೆ ಐದು ಪಾಲು ಕರಗಿತು. ಛಾವಣಿಯ ಮೇಲೆ ಒಟ್ಟು 440 ವ್ಯಾಟಿನ ಎರಡು ಸೌರಫಲಕಗಳಿದ್ದರೂ ಒಂಬತ್ತು ಗಂಟೆಯಾದರೂ ಅವುಗಳಿಂದ ಬರುತ್ತಿದ್ದುದು 35, 40 ವ್ಯಾಟ್. ತೋಟದ ಅಂಚಿನ ಅಡಿಕೆಮರಗಳ ನೆರಳು ಗರಿಗರಿಯಾಗಿ ಬಿದ್ದಿತ್ತು. ಅದು ಸಾಲದೆಂಬಂತೆ ಎ.ಸಿ. ಪೆಟ್ಟಿಗೆಯ ನೆರಳು ಹಿಂದಿನ ಫಲಕದ ಅರ್ಧವನ್ನು ನುಂಗಿತ್ತು. ಎರಡು ಫಲಕಗಳನ್ನು ಸರಣಿಯಲ್ಲಿ ಜೋಡಿಸಿದ್ದರಿಂದ, ಒಂದಕ್ಕೆ ನೆರಳಾದರೆ ಅದರ ಪೆಟ್ಟು ಇನ್ನೊಂದಕ್ಕೂ ತಟ್ಟುತ್ತಿತ್ತು. ಬಯಲುಸೀಮೆಯ ಬಿಸಿಲಿಗೆ ಹೊಂದುವ ಜೋಡಣೆ ಅದು. ಅಣ್ಣನ ಮಗನೂ ನಾನೂ ಏಣಿ ಹಾಕಿಕೊಂಡು ಹತ್ತಿ, ಅರ್ಧ ಗಂಟೆಯಲ್ಲಿ ಅವುಗಳನ್ನು ಸಮಾಂತರವಾಗಿ ಬದಲಾಯಿಸಿದೆವು. ನೆರಳಿನ ಫಲಕ ಹಾಗೆಯೇ ಇದ್ದರೂ ಬಿಸಿಲಿನ ಫಲಕ ತನ್ನ ಪಾಡಿಗೆ ತಾನು ದುಡಿಯತೊಡಗಿತು. ಮೀಟರ್ 110 ತೋರಿಸಿತು.

ಕುಪ್ಪಳಿಯ ಕವಿಮನೆಯನ್ನು ಅಮ್ಮ ಹೊರಗಿನಿಂದಲೇ ಕೈಮುಗಿದು ನೋಡಿದರು. ಕವಿಶೈಲಕ್ಕೆ ನಾವು ಮೂವರು ಸರದಿಯಲ್ಲಿ ಹೋಗಿಬಂದೆವು. ಅಲ್ಲಿಂದ ಆಗುಂಬೆಗೆ ಹೋಗುವಾಗ ಬ್ಯಾಟರಿ ತುಂಬತೊಡಗಿದ್ದು ಎಂಜಿನ್ನಿನಿಂದ. ಇದರಲ್ಲಿಯೂ ಹೊಸದೊಂದಿದೆ. ಮೊದಲೆಲ್ಲ ಎಂಜಿನ್ ತಿರುಗುವಾಗ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರಿನಿಂದ ಗಾಡಿಯ ಮನೆಭಾಗದ ಬ್ಯಾಟರಿಗೆ ನೇರವಾಗಿ, ರಿಲೇ ಎಂಬ ಸ್ವಿಚ್ಚೊಂದರ ಮೂಲಕ ತಂತಿ ಎಳೆಯುತ್ತಿದ್ದರು. ಲಿಥಿಯಂ ಬ್ಯಾಟರಿಯ ಒಳತಡೆ ಬಹಳ ಕಡಿಮೆಯಾದ್ದರಿಂದ, ಹಾಗೆ ಮಾಡಿದರೆ ಅದು ಬಾಯಾರಿದ ಎತ್ತಿನಂತೆ ವಿದ್ಯುತ್ ಹೀರಿ ಆಲ್ಟರ್ನೇಟರನ್ನು ಕಾಯಿಸಿ ಸುಡಬಹುದು. ಈಗ ನಡುವೆ ಡಿ.ಸಿ.ಯಿಂದ ಡಿ.ಸಿ.ಗೆ ಬದಲಿಸುವ ಚಾರ್ಜರ್ ಇಟ್ಟು, 50 ಆಂಪಿಯರಿಗಿಂತ ಹೆಚ್ಚು ಎಳೆಯದಂತೆ ಕಟ್ಟು ಹಾಕುತ್ತಾರೆ. ಎರಡು ಗಂಟೆ ಓಡಿಸಿದರೆ ನಮ್ಮ ಬ್ಯಾಟರಿಯ ಕಾಲು ಭಾಗ ತುಂಬುತ್ತದೆ. ಮಲೆನಾಡಿನಲ್ಲಿ ತಿರುಗುವವರಿಗೆ ಸೂರ್ಯನಿಗಿಂತ ಇದೇ ಹೆಚ್ಚು ನಂಬಿಕೆಯ ಆಸರೆ ಎಂಬುದು ನನಗೆ ಈ ದಿನ ಸ್ಪಷ್ಟವಾಯಿತು.

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನವೆಂಬರಿನಲ್ಲೂ ನಮ್ಮನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಪರಿಚಿತರೊಬ್ಬರ ಹಿತ್ತಿಲಲ್ಲಿ ಗಾಡಿ ನಿಲ್ಲಿಸಿದ ಅರ್ಧ ಗಂಟೆಗೆ ಜಡಿಮಳೆ ಹಿಡಿಯಿತು. ಮೊಬೈಲ್ ಸಂಕೇತ ಹೋಯಿತು. ಉಪಗ್ರಹದ ಮೂಲಕ ಅಂತರ್ಜಾಲ ಕೊಡುವ ಚಪ್ಪಟೆ ತಟ್ಟೆಗಳನ್ನು ಹೊರದೇಶದ ಗಾಡಿಗಳ ಛಾವಣಿಗೆ ಕೂರಿಸುತ್ತಿದ್ದಾರೆ ಎಂದು ಹುಡುಗ ಹೇಳಿದ. ಅವುಗಳಿಗೂ ತೆರೆದ ಆಕಾಶ ಬೇಕು. ನಮ್ಮ ತಲೆಯ ಮೇಲಿದ್ದ ಹಲಸಿನ ಮರದ ಕೊಂಬೆಗಳಡಿಯಲ್ಲಿ ಅವು ತಡವರಿಸುತ್ತವೆ.

ಮಳೆಯಲ್ಲಿ ಹೊರಗೆ ಹೋಗುವಂತಿರಲಿಲ್ಲ. ಹಂಡೆಯಂಥ ಸದ್ದಿನ ಆ ಛಾವಣಿಯ ಕೆಳಗೆ ಕುಳಿತು, ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ಕೂಡಿಟ್ಟಿದ್ದ ಹೊಸ ಮಾದರಿಗಳನ್ನು ಒಂದೊಂದಾಗಿ ತೋರಿಸಿದ. ಅಮೆರಿಕದ ವಿನ್ನೆಬೇಗೊ ಕಂಪನಿ 2023ರ ಜನವರಿಯಲ್ಲಿ ತೋರಿಸಿದ ಇಆರ್‌ವಿ2 ಎಂಬ ಪೂರ್ಣ ವಿದ್ಯುತ್ ಚಾಲಿತ ಮಾದರಿ ಫೋರ್ಡ್ ಇ-ಟ್ರಾನ್ಸಿಟ್ ವ್ಯಾನಿನ ಮೇಲೆ ಕಟ್ಟಿದ್ದು. ಒಮ್ಮೆ ತುಂಬಿಸಿದರೆ 108 ಮೈಲಿ, ಅಂದರೆ ಸುಮಾರು 174 ಕಿಲೋಮೀಟರ್. ಶಿವಮೊಗ್ಗದಿಂದ ಜೋಗಕ್ಕೆ ಹೋಗಬಹುದು, ತುಂಬಿಸದೆ ಹಿಂತಿರುಗಲಾಗದು. ಈ ಕೊರತೆಯನ್ನು ನೀಗಿಸಲು ಥಾರ್ ಇಂಡಸ್ಟ್ರೀಸ್ 2024ರಲ್ಲಿ ಹಾರ್ಬಿಂಜರ್ ಎಂಬ ಕಂಪನಿಯ ಚಾಸಿಯ, ಅಂದರೆ ಗಾಡಿಯ ಕೆಳಚೌಕಟ್ಟಿನ ಮೇಲೆ ದೊಡ್ಡ ಮೋಟಾರ್‌ಹೋಮ್ ಒಂದರ ಮಾದರಿಯನ್ನು ಪ್ರಕಟಿಸಿತು. ಅದರಲ್ಲಿ 140 ಕಿಲೋವ್ಯಾಟ್-ಅವರ್, ಅಂದರೆ 140 ಯೂನಿಟ್ಟಿನ ಬ್ಯಾಟರಿಯ ಜೊತೆಗೆ, ಚಕ್ರಕ್ಕೆ ಸಂಬಂಧವಿಲ್ಲದೆ ಬ್ಯಾಟರಿಯನ್ನು ತುಂಬಿಸುವುದಕ್ಕೆಂದೇ ಪೆಟ್ರೋಲ್ ಎಂಜಿನ್ನೊಂದಿದೆ. ಒಟ್ಟು 500 ಮೈಲಿ ಓಡುತ್ತದೆ ಎಂಬುದು ಅವರ ಅಂದಾಜು. ಲೈಟ್‌ಶಿಪ್ ಎಂಬ ಇನ್ನೊಂದು ಹೊಸ ಕಂಪನಿ 2023ರಲ್ಲಿ ತೋರಿಸಿದ್ದು, ಎಳೆದುಕೊಂಡು ಹೋಗುವ ಟ್ರೈಲರಿಗೇ ಮೋಟಾರು, ಬ್ಯಾಟರಿ ಕೊಟ್ಟು, ಮುಂದಿನ ಕಾರಿಗೆ ಅದರ ಭಾರ ತಟ್ಟದಂತೆ ಮಾಡುವ ಉಪಾಯ. ಫೋಕ್ಸ್‌ವ್ಯಾಗನ್‌ನ ಕ್ಯಾಲಿಫೋರ್ನಿಯಾ ಎಂಬ ಪುಟ್ಟ ಕ್ಯಾಂಪರ್ 1988ರಿಂದ ಬರುತ್ತಿರುವ ಹಳೆಯ ಹೆಸರು. 2024ರ ಹೊಸ ಪೀಳಿಗೆಯಲ್ಲಿ ಅದಕ್ಕೂ ಚಾರ್ಜ್ ಮಾಡಬಹುದಾದ ಹೈಬ್ರಿಡ್ ಬಂದಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ನಗರದ ವಿದ್ಯಾರ್ಥಿಗಳು 2021ರಲ್ಲಿ ಕಟ್ಟಿದ ಸ್ಟೆಲ್ಲಾ ವೀಟಾ. ನಿಂತಾಗ ಛಾವಣಿ ಮೇಲೆದ್ದು, ಇಕ್ಕೆಲದ ಸೌರಫಲಕಗಳು ರೆಕ್ಕೆಯಂತೆ ಬಿಚ್ಚಿಕೊಳ್ಳುತ್ತವೆ. ಅದೇ ಬಿಸಿಲಿನಿಂದ ಓಡಿ ಅದು ಸ್ಪೇನಿನ ದಕ್ಷಿಣ ತುದಿಯ ತರೀಫಾದವರೆಗೆ ಸುಮಾರು 3,000 ಕಿಲೋಮೀಟರ್ ಹೋಯಿತು. ಪಾಠ ಹೇಳುವವನಿಗೆ ವಿದ್ಯಾರ್ಥಿಗಳ ಕೆಲಸದ ಮೇಲೆ ಮಮತೆ ಹೆಚ್ಚು. ನನ್ನ ಹಳೆಯ ತರಗತಿಗಳ ಹುಡುಗರಿಗೆ ಇಂಥದೊಂದನ್ನು ಮಾಡಿಸಲಾಗಲಿಲ್ಲವಲ್ಲ ಎಂದು ನಿಜವಾಗಿ ನೋವಾಯಿತು. "ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ನಮ್ಮ ಗಾಡಿ ಬ್ರೇಕು ಕಾಯಿಸಿ ಕಳೆದುಕೊಳ್ಳುವ ಶಕ್ತಿಯಲ್ಲಿ ಒಂದು ಪಾಲನ್ನು ವಿದ್ಯುತ್ ಗಾಡಿ ಬ್ಯಾಟರಿಗೆ ವಾಪಸ್ ತುಂಬಿಕೊಳ್ಳುತ್ತದೆ ಚಿಕ್ಕಪ್ಪ. ಘಟ್ಟದ ದಾರಿಗೆ ಅದು ಹೇಳಿ ಮಾಡಿಸಿದ್ದು" ಎಂದ ಹುಡುಗ. ಹತ್ತುವಾಗ ಅದಕ್ಕಿಂತ ಹೆಚ್ಚು ಖರ್ಚಾಗುವುದನ್ನು ಮರೆಯಬೇಡ ಎಂದೆ. ಆದರೂ ಅವನ ಮಾತಿನಲ್ಲಿ ಹುರುಳಿದೆ.

ಬೆಳಗಿನ ಜಾವ ಕೈಗೆ ತಣ್ಣನೆಯ ಹನಿ ಬಿದ್ದು ಎಚ್ಚರವಾಯಿತು. ಸೋರಿಕೆಯೆಂದು ಗಾಬರಿಯಿಂದ ದೀಪ ಹಚ್ಚಿದರೆ, ಗೋಡೆಯ ಹಲಗೆ ಮುಗಿದು ಕಬ್ಬಿಣದ ಪಕ್ಕೆಲುಬು ಕಾಣುವ ಜಾಗದಲ್ಲಿ ಮಾತ್ರ ಸಾಲಾಗಿ ನೀರಿನ ಮಣಿಗಳು ಕಟ್ಟಿದ್ದವು. ಬೆರಳಿನಿಂದ ಒರೆಸಿದರೆ ಗೆರೆ ಮೂಡಿ, ಐದು ನಿಮಿಷಕ್ಕೆ ಮತ್ತೆ ಮಣಿ ಕಟ್ಟುತ್ತಿತ್ತು. ನಾಲ್ಕು ಜನ ಮಲಗಿದರೆ ಉಸಿರು, ಬೆವರಿನಿಂದಲೇ ರಾತ್ರಿ ಒಂದು ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದೆ. ಅದು ಗಾಡಿಯ ಅತ್ಯಂತ ತಣ್ಣಗಿನ ಜಾಗ ಹುಡುಕಿ ಕೂರುತ್ತದೆ. ಗೋಡೆಯ ಒಳಗೆ ಫೋಮ್ ತುಂಬಿದ್ದರೂ ಹೊರಗಿನ ಚರ್ಮಕ್ಕೂ ಒಳಗಿನ ಹಲಗೆಗೂ ಲೋಹದ ಸೇತುವೆ ಉಳಿದುಬಿಟ್ಟರೆ ತಂಡಿ ಅದರ ಮೂಲಕವೇ ಒಳಗೆ ಬರುತ್ತದೆ. ಹೀಗೆ ನಾಲ್ಕು ಮಳೆಗಾಲ ಕಳೆದರೆ ಪ್ಲೈವುಡ್ ಬೂಸ್ಟು ಹಿಡಿದು ಉಬ್ಬುತ್ತದೆ. ಮರವನ್ನೇ ಬಿಟ್ಟು, ಫೈಬರ್ ಗ್ಲಾಸ್ ಪದರಗಳ ನಡುವೆ ಫೋಮ್ ಅಂಟಿಸಿದ ಹಲಗೆಗಳಿಂದ ಪೂರ್ತಿ ಒಡಲು ಕಟ್ಟುವ ಪದ್ಧತಿಗೆ ಇತ್ತೀಚೆಗೆ ತಯಾರಕರು ಒಲಿಯುತ್ತಿರುವುದು ಇದಕ್ಕಾಗಿಯೇ. ಅಡುಗೆಗೆ ಅನಿಲ ಬಿಟ್ಟು ಇಂಡಕ್ಷನ್ ಬಳಸುವುದರಿಂದಲೂ ಒಂದು ಲಾಭವಿದೆ: ಒಂದು ಕಿಲೋ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಛಾವಣಿಯ ಫ್ಯಾನು ಮಾತ್ರ ನಮ್ಮ ಮಾನ ಕಾಯಿತು. ಮಳೆ ಬಿದ್ದರೂ ಮುಚ್ಚಬೇಕಿಲ್ಲದ ಮರೆಯುಳ್ಳ ಆ ಫ್ಯಾನನ್ನು ಹೊರಕ್ಕೆ ಗಾಳಿ ನೂಕುವಂತೆ ತಿರುಗಿಸಿ, ಅಡುಗೆಕಟ್ಟೆಯ ಕಿಟಕಿಯನ್ನು ಎರಡು ಬೆರಳಷ್ಟು ತೆಗೆದಿಟ್ಟ ಮೇಲೆ ಮಣಿಗಳು ನಿಧಾನವಾಗಿ ಆರಿದವು.

ಮೂರನೆಯ ದಿನ: ಹೊಸನಗರ, ನಗರ, ತುಮರಿ

ಈ ದಿನ ದಾರಿಯೇ ಹೆಚ್ಚು. ತೀರ್ಥಹಳ್ಳಿಗೆ ಮರಳಿ, ಹೊಸನಗರ ದಾಟಿ, ನಗರದ ಕೋಟೆಯ ಕೆಳಗೆ ಬುತ್ತಿ ಬಿಚ್ಚಿ ಊಟ ಮಾಡಿ, ಸಂಪೆಕಟ್ಟೆ, ನಿಟ್ಟೂರು ಮಾರ್ಗವಾಗಿ ತುಮರಿಯ ಕಡೆ ಇಳಿದೆವು. ಕೊಡಚಾದ್ರಿಯನ್ನು ದೂರದಿಂದ ನೋಡಿದ್ದಷ್ಟೇ. ಅದಕ್ಕೆ ಜೀಪುಗಳೇ ಸರಿ. ಕಿರಿದಾದ ಆ ರಸ್ತೆಗಳಲ್ಲಿ ಎದುರಿನಿಂದ ಬಸ್ಸು ಬಂದಾಗಲೆಲ್ಲ ಹುಡುಗ ಇಳಿದು, ಬಾಗಿದ ಕೊಂಬೆಗೂ ನಮ್ಮ ಸೌರಫಲಕಕ್ಕೂ ನಡುವೆ ಎಷ್ಟು ಅಂತರವಿದೆ ಎಂದು ನೋಡಬೇಕಾಗುತ್ತಿತ್ತು. ಮೂರು ಮೀಟರಿಗಿಂತ ಎತ್ತರದ ಗಾಡಿ ನಮ್ಮ ಹಳ್ಳಿದಾರಿಗಳಿಗೆ ಬೇಡ. ನಿಂತಾಗ ಮಾತ್ರ ಏಳುವ ಛಾವಣಿಯ ಮಾದರಿಗಳೇ ಇಲ್ಲಿಗೆ ಒಗ್ಗುತ್ತವೆ ಎಂದು ನಾನು ಖಂಡಿತವಾಗಿ ಹೇಳಬಲ್ಲೆ.

ತುಮರಿಯ ಹತ್ತಿರ ಒಂದು ಮನೆಯ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ಕೂಗಿದಳು. ಗಾಡಿಯ ಕೆಳಗಿನಿಂದ ಸಾಬೂನಿನ ನೀರು ತೊಟ್ಟಿಕ್ಕುತ್ತಿತ್ತು. ಬಳಸಿದ ನೀರಿನ ತೊಟ್ಟಿ ನೂರಕ್ಕೆ ಮೂವತ್ತು ತುಂಬಿದೆ ಎಂದು ಪರದೆ ತೋರಿಸುತ್ತಿತ್ತು. ನಿಜಕ್ಕೂ ಅದು ಬಾಯಿಮಟ್ಟ ತುಂಬಿ ಉಕ್ಕುತ್ತಿತ್ತು. ಮುಚ್ಚಳ ಬಿಚ್ಚಿ ಕೈಹಾಕಿದ ಹುಡುಗ ಹೊರತೆಗೆದದ್ದು, ಮಟ್ಟ ಅಳೆಯುವ ತೇಲುಗುಂಡಿನ ಕಡ್ಡಿ. ಸಾರಿನ ಒಗ್ಗರಣೆಯ ಜಿಡ್ಡು ಸಾಬೂನಿನೊಂದಿಗೆ ಸೇರಿ ಮೇಣದಂತೆ ಗಟ್ಟಿಯಾಗಿ, ಅದರಲ್ಲೊಂದು ಕರಿಬೇವಿನ ಎಲೆ ಸಿಕ್ಕಿಕೊಂಡು, ಗುಂಡು ಕಡ್ಡಿಯ ನಡುವೆಯೇ ಅಂಟಿ ನಿಂತಿತ್ತು. ದಿನಕ್ಕೆ ಮೂರು ಹೊತ್ತು ಒಗ್ಗರಣೆ ಹಾಕುವ ಮನೆಯವರ ತೊಟ್ಟಿಗೆ ತೇಲುಗುಂಡು ಸಲ್ಲದು. ತೊಟ್ಟಿಯ ಹೊರಗೋಡೆಗೆ ಅಂಟಿಸಿ, ನೀರನ್ನು ಮುಟ್ಟದೆಯೇ ಮಟ್ಟ ಅಳೆಯುವ ಸಂವೇದಕಗಳು ಈಗ ಬಂದಿವೆ. ಅವೇ ಬೇಕು.

ಆ ನೀರನ್ನು ಏನು ಮಾಡುವುದು ಎಂದು ನಾವು ಯೋಚಿಸುತ್ತಿರುವಾಗ ಅಮ್ಮ ಆ ಮನೆಯ ಹಿತ್ತಿಲು ತೋರಿಸಿದರು. "ಬಚ್ಚಲ ನೀರು ಎಲ್ಲಿಗೆ ಬಿಡ್ತಾರೆ? ಬಾಳೆ ಬುಡಕ್ಕೆ ತಾನೆ? ಬಕೆಟ್ ತಗೊಳ್ಳಿ." ಮನೆಯವರ ಒಪ್ಪಿಗೆ ಪಡೆದು, ಜಿಡ್ಡನ್ನು ಸೋಸಿ, ನೂರಕ್ಕೂ ಹೆಚ್ಚು ಲೀಟರ್ ನೀರನ್ನು ಬಕೆಟ್ಟುಗಳಲ್ಲಿ ಹೊತ್ತು ಬಾಳೆಯ ಬುಡಕ್ಕೆ ಹಾಕಿದೆವು. ಶೌಚಾಲಯದ ಪೆಟ್ಟಿಗೆಯನ್ನು ಖಾಲಿ ಮಾಡಿದ್ದೂ ಅಲ್ಲೇ. ಸೂಟ್‌ಕೇಸಿನಂತೆ ಗಾಡಿಯ ಪಕ್ಕೆಯಿಂದ ಎಳೆದುಕೊಳ್ಳಬಹುದಾದ 18 ಲೀಟರಿನ ಪೆಟ್ಟಿಗೆ ಅದು; ಅದನ್ನು ಮನೆಯ ಶೌಚಗುಂಡಿಗೆ ಸುರಿಯಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಾಸನೆ ತಡೆಯಲು ಪೆಟ್ಟಿಗೆಗೆ ಹಾಕುವ ಕೆಲವು ದ್ರವಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಅದು ಗುಂಡಿಯಲ್ಲಿ ಮಲವನ್ನು ಕರಗಿಸುವ ಸೂಕ್ಷ್ಮಾಣುಗಳನ್ನೇ ಕೊಲ್ಲುತ್ತದೆ. ಜಾಗ ಕೊಟ್ಟ ಮನೆಯವರಿಗೆ ನಾವು ಮಾಡುವ ದ್ರೋಹವದು. ಕಿಣ್ವಗಳಿರುವ ದ್ರವವನ್ನೇ ತರಲು ನಾನು ಮೊದಲೇ ಹೇಳಿದ್ದೆ. ಹೊಳೆಗೋ ಹಳ್ಳಕ್ಕೋ ಸುರಿಯುವ ಯೋಚನೆಯನ್ನೇ ಯಾರೂ ಮಾಡಬಾರದು. ಶರಾವತಿ, ತುಂಗೆಯ ನೀರನ್ನು ಕೆಳಗಿನ ಊರುಗಳು ಕುಡಿಯುತ್ತವೆ.

ಸಂಜೆ ಕಳಸವಳ್ಳಿಯಿಂದ ಅಂಬಾರಗೋಡ್ಲಿಗೆ ಹೊಸ ಸೇತುವೆಯ ಮೇಲೆ ಹಾದೆವು. 2025ರ ಜುಲೈ 14ರಂದು ಉದ್ಘಾಟನೆಯಾದ, ಎರಡೂಕಾಲು ಕಿಲೋಮೀಟರಿಗೂ ಉದ್ದವಾದ ಆ ತೂಗುಕೇಬಲ್ ಸೇತುವೆ ಇಲ್ಲದಿದ್ದರೆ, ನಮ್ಮ ಗಾಡಿ ಲಾಂಚಿನ ಸರದಿಗೆ ಕಾಯಬೇಕಿತ್ತು. ನಡುವೆ ನಿಧಾನಿಸಿದಾಗ ಅಮ್ಮ ಕಿಟಕಿಯ ಗಾಜು ಇಳಿಸಿ ಹಿನ್ನೀರನ್ನು ನೋಡುತ್ತಾ, "ನಮ್ಮಕ್ಕನ ಮನೆ ಇಲ್ಲೇ ಎಲ್ಲೋ ಕೆಳಗಿದೆ. ತುಳಸಿಕಟ್ಟೆ ಬಿಟ್ಟು ಬರುವಾಗ ಅಕ್ಕ ಮೂರು ಸಲ ಹಿಂದೆ ತಿರುಗಿ ನೋಡಿದ್ದಳು" ಎಂದರು. ಈ ಹಿನ್ನೀರು ನಿಲ್ಲಿಸಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅಮ್ಮನಿಗೆ ಇಪ್ಪತ್ತೆರಡು. ರಾತ್ರಿ ಸಾಗರದಲ್ಲಿ ತಂಗಿದೆವು.

ನಾಲ್ಕನೆಯ ದಿನ: ಜೋಗ

ಜೋಗದಲ್ಲಿ ಆಕಾಶ ತೆರೆದಿತ್ತು. ವಸತಿಗೃಹವೊಂದರ ಬಯಲಿನಲ್ಲಿ ಹಣ ಕೊಟ್ಟು ಗಾಡಿ ನಿಲ್ಲಿಸಿದೆವು. ಮಧ್ಯಾಹ್ನ ಸೌರಫಲಕಗಳು 330 ವ್ಯಾಟ್ ಮುಟ್ಟಿದವು; ದಿನದ ಒಟ್ಟು ಲೆಕ್ಕ ಒಂದೂಮುಕ್ಕಾಲು ಯೂನಿಟ್. ಫ್ರಿಜ್, ಫ್ಯಾನು, ದೀಪ, ನೀರಿನ ಪಂಪು, ಎರಡು ಹೊತ್ತಿನ ಕಾಫಿಗೆ ಅದು ಸಾಕು. ಅನ್ನ, ಸಾರಿಗೆ ಸಾಲದು.

ಆ ಅನ್ನ ಬೇಯುವಾಗಲೇ ಸುಟ್ಟ ಪ್ಲಾಸ್ಟಿಕ್ಕಿನ ಸಣ್ಣ ವಾಸನೆ ಬಂತು. ಒಲೆ ಆರಿಸಿ ಹಾಸಿಗೆ ಎತ್ತಿ ನೋಡಿದರೆ, ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ಹೆಬ್ಬೆರಳು ದಪ್ಪದ ಕೆಂಪು ತಂತಿಯ ತುದಿಯಲ್ಲಿ, ಅದನ್ನು ನಟ್ಟಿಗೆ ಬಿಗಿಯುವ ತಾಮ್ರದ ಲಗ್ ಮುಟ್ಟಲಾಗದಷ್ಟು ಕಾದಿತ್ತು, ಅದರ ಕೊರಳಿನ ಕಪ್ಪು ಪ್ಲಾಸ್ಟಿಕ್ ಹೊದಿಕೆ ಅರ್ಧ ಇಂಚು ಕರಗಿ ಸುಕ್ಕಾಗಿತ್ತು. ನಟ್ಟು ಕೈಯಲ್ಲೇ ಕಾಲು ಸುತ್ತು ತಿರುಗಿತು. ಮೂರು ದಿನದ ಗುಂಡಿರಸ್ತೆಯ ಕುಲುಕಾಟಕ್ಕೆ ಅದು ಸಡಿಲವಾಗಿತ್ತು. ಹುಡುಗನ ಮುಖ ಬಿಳುಚಿತು. ಆ ನಟ್ಟನ್ನು ಬಿಗಿದವನು ಅವನೇ. ನಾನು ಅವನನ್ನು ಗದರಲಿಲ್ಲ. ತಣ್ಣಗಾಗುವವರೆಗೆ ಕಾದು, ಲಗ್ಗನ್ನು ಉಜ್ಜಿ, ಸ್ಪ್ರಿಂಗ್ ವಾಷರ್ ಹಾಕಿ, ಇಬ್ಬರೂ ಸೇರಿ ಬಿಗಿದೆವು. ಎರಡು ಸಾವಿರ ವ್ಯಾಟಿನ ಒಲೆಗೆ 12 ವೋಲ್ಟಿನಲ್ಲಿ ಸುಮಾರು 170 ಆಂಪಿಯರ್ ಹರಿಯಬೇಕು. ಅದೇ ಒಲೆಗೆ 48 ವೋಲ್ಟಿನಲ್ಲಿ ನಲವತ್ತೆರಡು ಸಾಕು. ಹರಿವು ನಾಲ್ಕನೆಯ ಒಂದಾದರೆ ಅದೇ ತಂತಿಯಲ್ಲಿ ಶಾಖ ಹದಿನಾರನೆಯ ಒಂದಾಗುತ್ತದೆ. ಆಗುಂಬೆಯಲ್ಲಿ ನೋಡಿದ ಇಆರ್‌ವಿ2ರ ಮನೆಯ ಭಾಗಕ್ಕೆ 48 ವೋಲ್ಟಿನ ಬ್ಯಾಟರಿ ಕೊಟ್ಟಿರುವುದೇಕೆ ಎಂಬುದಕ್ಕೆ ಆ ಕರಗಿದ ಹೊದಿಕೆಗಿಂತ ಒಳ್ಳೆಯ ಪಾಠವಿಲ್ಲ.

ಸಂಜೆ ವಸತಿಗೃಹದ 15 ಆಂಪಿಯರ್ ಪ್ಲಗ್ಗಿಗೆ ತಂತಿ ಎಳೆದೆವು. ಜೋಡಿಸುವ ಮುಂಚೆ ಅಳೆದಾಗ ಎರಡು ಸಂಗತಿ ಕಂಡವು: ವೋಲ್ಟೇಜ್ 178, ಮತ್ತು ಅರ್ಥಿಂಗ್ ಇರಬೇಕಾದ ಮೇಲಿನ ರಂಧ್ರಕ್ಕೆ ತಂತಿಯೇ ಇಲ್ಲ. ಲೋಹದ ಒಡಲಿನ ಗಾಡಿಗೆ ಅರ್ಥಿಂಗ್ ಇಲ್ಲದೆ ಕರೆಂಟು ಕೊಟ್ಟು, ಒದ್ದೆ ನೆಲದಲ್ಲಿ ನಿಂತವರು ಬಾಗಿಲ ಹಿಡಿಕೆ ಮುಟ್ಟುವುದನ್ನು ನೆನೆದರೇ ಮೈ ಜುಮ್ಮೆನ್ನುತ್ತದೆ. ಅಡುಗೆಮನೆಯ ಕಡೆ ಸರಿಯಾದ ಅರ್ಥಿಂಗ್ ಇದ್ದ ಇನ್ನೊಂದು ಪ್ಲಗ್ಗು ಸಿಕ್ಕಿತು. ಹೊಸ ಇನ್ವರ್ಟರ್-ಚಾರ್ಜರುಗಳಲ್ಲಿ ಹೊರಗಿನಿಂದ ಎಷ್ಟು ಆಂಪಿಯರ್ ಎಳೆಯಬೇಕೆಂದು ಮಿತಿ ಹಾಕಬಹುದು. ಐದಕ್ಕೆ ಇಟ್ಟೆವು, ಹೆಚ್ಚು ಬೇಕಾದಾಗ ಉಳಿದದ್ದನ್ನು ಬ್ಯಾಟರಿಯೇ ಸೇರಿಸಿಕೊಟ್ಟಿತು, ಮನೆಯವರ ಫ್ಯೂಸು ಹೋಗಲಿಲ್ಲ. ಯಾರದೇ ಮನೆಯ ಪ್ಲಗ್ಗಿಗೆ ಕೈಹಾಕುವವರೆಲ್ಲ ಮೊದಲು ಅಳೆದು ನೋಡುವುದು, ಆಮೇಲೆ ಮಿತಿ ಹಾಕುವುದು, ಈ ಎರಡನ್ನೂ ಮಾಡಲೇಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

253 ಮೀಟರ್ ಧುಮುಕುವ ರಾಜ, ರಾಣಿ, ರೋರರ್, ರಾಕೆಟ್‌ಗಳನ್ನು ಅಮ್ಮ ಗಾಲಿಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಕಣಿವೆಯ ಕೆಳಗೆ 1948ರಲ್ಲಿ ಆರಂಭವಾದ, ಇಂದು ಮಹಾತ್ಮ ಗಾಂಧಿ ಹೆಸರಿನಲ್ಲಿರುವ ವಿದ್ಯುದಾಗಾರ. ಆಚೆಗೆ ಲಿಂಗನಮಕ್ಕಿಯ ನೀರಿನಿಂದ 1,035 ಮೆಗಾವ್ಯಾಟ್ ಉತ್ಪಾದಿಸಬಲ್ಲ ಶರಾವತಿ ವಿದ್ಯುದಾಗಾರ. ಅಕ್ಕನ ಮನೆ ಮುಳುಗಿಸಿದ ನೀರೇ ರಾತ್ರಿ ನಮ್ಮ ಬ್ಯಾಟರಿಯನ್ನು ತುಂಬುತ್ತಿದೆ ಎಂದು ನನಗೆ ಹೊಳೆದರೂ, ಅದನ್ನು ಅಮ್ಮನಿಗೆ ಹೇಳಲು ನಾಲಿಗೆ ಏಳಲಿಲ್ಲ.

ಐದನೆಯ ದಿನ: ಮರಳಿ ಶಿವಮೊಗ್ಗ

ಆನಂದಪುರದ ದಾರಿಯಲ್ಲಿ ಹುಡುಗ ತನ್ನ ಪುಸ್ತಕ ಓದಿಹೇಳಿದ. ಎತ್ತರ ಮೂರು ಮೀಟರಿನೊಳಗೆ, ಫಲಕಗಳು ಸಮಾಂತರ, ಲೋಹದ ಪಕ್ಕೆಲುಬಿಗೆ ಹೊದಿಕೆ, ತೇಲುಗುಂಡು ಬೇಡ, ಮುಂದಿನ ಮಾದರಿಗೆ 48 ವೋಲ್ಟ್, ಮೂರು ದಿನಕ್ಕೊಮ್ಮೆ ನಟ್ಟುಗಳನ್ನು ನೋಡಬೇಕೆಂದು ಕೈಪಿಡಿಯಲ್ಲಿ ಬರೆಯುವುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಕ್ಯಾರವಾನ್‌ಗಳಿಗೂ ಅವು ತಂಗುವ ಪಾರ್ಕುಗಳಿಗೂ ನೀತಿ ಪ್ರಕಟಿಸಿದ್ದು 2010ರಲ್ಲಿ. ಈ ಐದು ದಿನದಲ್ಲಿ ಅಂಥ ಒಂದು ಪಾರ್ಕಿನಲ್ಲೂ ನಾವು ತಂಗಲಿಲ್ಲ. ನಮ್ಮನ್ನು ನಡೆಸಿದ್ದು ತೋಟದ ಮನೆಗಳು. ಬಾವಿಯ ನೀರು, ಬಾಳೆಯ ಹಿತ್ತಿಲು, ಶೌಚಗುಂಡಿ ಅಲ್ಲಿ ಆಗಲೇ ಇವೆ. ಅರ್ಥಿಂಗ್ ಸರಿಯಿರುವ ಒಂದು ಪ್ಲಗ್ಗು, ಗುಂಡಿಗೊಂದು ಮುಚ್ಚಳವಿರುವ ಬಾಯಿ ಸೇರಿಸಿದರೆ, ಅಡಿಕೆಯ ಧಾರಣೆ ಬಿದ್ದ ವರ್ಷ ಆ ಮನೆಗಳಿಗೆ ನಾಲ್ಕು ಕಾಸು ಬಂದೀತು. ಪರಿಚಯವಿರುವ ಎರಡು ಮನೆಗಳಿಗೆ ಅರ್ಥಿಂಗ್ ಗುಂಡಿ ನಾನೇ ಮಾಡಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ.

ಮನೆಯ ಮುಂದೆ ಗಾಡಿ ನಿಂತಿತು. ಅಮ್ಮ ಬಾಗಿಲಲ್ಲಿ ಹಿಡಿಕೆ ಹಿಡಿದು ನಿಂತು ಕೆಳಗೆ ನೋಡಿದರು. "ಎಲ್ಲಾ ಚೆನ್ನಾಗಿದೆ ಮಗಾ. ಈ ಮೆಟ್ಟಿಲೊಂದು ಸ್ವಲ್ಪ ತಗ್ಗಿಸೋಕೆ ಆಗುತ್ತಾ?" ಹುಡುಗ ಜೇಬಿನಿಂದ ಟೇಪು ತೆಗೆದು, ರಸ್ತೆಯ ಮೇಲೆ ಮಂಡಿಯೂರಿ, ನೆಲದಿಂದ ಮೆಟ್ಟಿಲಿನವರೆಗೆ ಅಳೆದ. ಹದಿಮೂರು ಇಂಚು. ಪುಸ್ತಕ ಬಿಚ್ಚಿ ಎಲ್ಲಕ್ಕಿಂತ ಮೇಲೆ, ಹೊಸ ಸಾಲಿನಲ್ಲಿ, ಏಳು ಎಂದು ಬರೆದ.